ಹತ್ತಿಬೀಜದ ಬೆಲೆಯೂ ಪೇಟೆಂಟಿನ ಹಂಗೂ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿಗಳ ಜೊತೆಗೆ ಜಯಧರ ಹತ್ತಿಯನ್ನು ಬೆಳೆಯುತ್ತಿದ್ದ ಕಾಲದಲ್ಲಿ, ಅರಳೆ ಬಿಡಿಸಿದ ಮೇಲೆ ಉಳಿದ ಹತ್ತಿಕಾಳನ್ನೇ ಮುಂದಿನ ಬಿತ್ತನೆಗೆ ತೆಗೆದಿಡಬಹುದಾಗಿತ್ತು. ಇಂದು ಹತ್ತಿ ಬೆಳೆಯುವ ರೈತ ಪ್ರತಿವರ್ಷವೂ ಬೀಜದ ಪಾಕೀಟು ಕೊಳ್ಳುತ್ತಾನೆ. ಈ ಬದಲಾವಣೆಗೆ ಪೇಟೆಂಟೇ ಕಾರಣವೆಂಬ ಮಾತು ವ್ಯಾಪಕವಾಗಿದ್ದರೂ ಅದು ಅರ್ಧಸತ್ಯ.

ಹೊಸದನ್ನು ಕಂಡುಹಿಡಿದವರಿಗೆ ನಿಗದಿತ ಅವಧಿಯವರೆಗೆ ಅದರ ಮೇಲೆ ಕಾನೂನು ಕೊಡುವ ಒಡೆತನವೇ ಬೌದ್ಧಿಕ ಆಸ್ತಿ ಹಕ್ಕು. ಪೇಟೆಂಟ್ ಅದರ ಒಂದು ಬಗೆ. ಆದರೆ ಬೀಜಕ್ಕೆ ಕಾನೂನಿನ ಕಾವಲು ಬರುವ ಮೊದಲೇ ಪ್ರಕೃತಿಯ ಕಾವಲು ಬಂದಿತ್ತು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ರೂಪಿಸಿದರು. ಇಂಥ ಬೀಜ ತಯಾರಿಸಲು ತಾಯಿಗಿಡದ ಪ್ರತಿ ಮೊಗ್ಗಿನ ಕೇಸರಗಳನ್ನು ಸಂಜೆ ಕೈಯಿಂದ ಕಿತ್ತು, ಮರುದಿನ ಬೆಳಿಗ್ಗೆ ತಂದೆಗಿಡದ ಹೂವಿನ ಪರಾಗವನ್ನು ಸವರಬೇಕು. ಹೀಗೆ ಹುಟ್ಟಿದ ಬೆಳೆಯ ಕಾಳನ್ನು ಮತ್ತೆ ಬಿತ್ತಿದರೆ ಗಿಡಗಳು ಒಂದೇ ಸಮನಾಗಿ ಬರದೆ ಇಳುವರಿ ಕುಗ್ಗುವುದರಿಂದ, ಯಾವ ಪೇಟೆಂಟೂ ಇಲ್ಲದ ಈ ಸರ್ಕಾರಿ ತಳಿಗೂ ರೈತ ಪ್ರತಿವರ್ಷ ಹಣ ತೆರಲೇಬೇಕಾಯಿತು. ಮಲಪ್ರಭಾ ಕಾಲುವೆಯ ನೀರಿನಲ್ಲಿ ವರಲಕ್ಷ್ಮಿ ಹುಲುಸಾಗಿ ಬೆಳೆದರೂ, 1980ರ ಜುಲೈ 21ರಂದು ನರಗುಂದದಲ್ಲಿ ಸಿಡಿದ ರೈತ ಬಂಡಾಯದ ಹಿಂದೆ ನೀರಾವರಿ ಕರದ ಜೊತೆಗೆ ಹತ್ತಿಯ ಬೆಲೆ ಕುಸಿತವೂ ಇತ್ತು.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಜಾರಿಗೆ ಬಂದ, ಬೌದ್ಧಿಕ ಆಸ್ತಿ ಹಕ್ಕು ಕುರಿತ ‘ಟ್ರಿಪ್ಸ್’ ಒಪ್ಪಂದವು ಸಸ್ಯತಳಿಗಳಿಗೂ ಯಾವುದಾದರೊಂದು ರಕ್ಷಣೆ ಕೊಡಬೇಕೆಂದು ಸದಸ್ಯ ದೇಶಗಳನ್ನು ಕಟ್ಟಿಹಾಕಿತು. ಬೀಜ, ಸಸ್ಯಗಳನ್ನು ಪೇಟೆಂಟಿನಿಂದ ಹೊರಗಿಟ್ಟ ಭಾರತ, 2001ರಲ್ಲಿ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಪ್ರತ್ಯೇಕ ಕಾಯ್ದೆ ತಂದು, ಸಂರಕ್ಷಿತ ತಳಿಯ ಬೀಜವನ್ನೂ ಉಳಿಸಿಕೊಳ್ಳುವ, ಬಿತ್ತುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿತು. ಬಡ ರೈತರಿರುವ ದೇಶವೊಂದು ಮಾಡಿದ ಜಾಣ ಕಾನೂನಿದು. ಆದರೆ ಸಂಕರ ಬೀಜದ ಮುಂದೆ ಅದರ ಆಟ ನಡೆಯುವುದಿಲ್ಲ.

2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ, ಅಂದರೆ ಕಾಯಿಕೊರಕವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ, ಈ ಮಾತಿಗೆ ತಕ್ಕ ಸಾಕ್ಷಿ. ಮೊದಲ ಪೀಳಿಗೆಯ ಆ ತಂತ್ರಜ್ಞಾನಕ್ಕೆ ಮಾನ್ಸಾಂಟೊ ಕಂಪನಿ ಭಾರತದಲ್ಲಿ ಪೇಟೆಂಟ್ ಪಡೆದೇ ಇರಲಿಲ್ಲ. ಹಾಗಿದ್ದೂ 450 ಗ್ರಾಂ ಪಾಕೀಟಿನ ಬೆಲೆ ಸುಮಾರು 1,600 ರೂಪಾಯಿ ಇತ್ತು. ಅದರಲ್ಲಿ ದೊಡ್ಡ ಪಾಲು ತಂತ್ರಜ್ಞಾನದ ಶುಲ್ಕ. ಬೀಜ ಕಂಪನಿಗಳೊಡನೆ ಮಾಡಿಕೊಂಡ ಕರಾರು, ಜೈವಿಕ ಸುರಕ್ಷತೆಯ ಪರವಾನಗಿ ಒಬ್ಬರ ಕೈಯಲ್ಲೇ ಇದ್ದದ್ದು, ಸಂಕರ ಬೀಜದ ಗುಣ, ಇವು ಮೂರೂ ಕೂಡಿ ಪೇಟೆಂಟಿನ ಕೆಲಸ ಮಾಡಿದ್ದವು. 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ವಿರೋಧಿ ಆಯೋಗದ ಮೊರೆಹೋದ ಮೇಲೆ ಬೆಲೆ 750 ರೂಪಾಯಿಗೆ ಇಳಿಯಿತು.

ಉಳಿಸಿ ಬಿತ್ತಬಹುದಾದ ಬಿಟಿ ಬೀಜ ಬರದೆಯೇ ಇರಲಿಲ್ಲ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೈಜೋಡಿಸಿ ರೂಪಿಸಿದ ‘ಬಿಕಾನೇರಿ ನರ್ಮಾ ಬಿಟಿ’ಗೆ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದರಲ್ಲಿ ಮಾನ್ಸಾಂಟೊದ ಜೀನ್ ಬೆರೆತಿರುವುದು ಪತ್ತೆಯಾಗಿ ಬೀಜವನ್ನು ಹಿಂತೆಗೆದುಕೊಳ್ಳಲಾಯಿತು. ಸಾರ್ವಜನಿಕ ಸಂಶೋಧನೆ ಎಡವಿದ ಈ ಘಟನೆಗೆ ರೈತ ತೆತ್ತ ಬೆಲೆ, ಯಾವ ಪೇಟೆಂಟಿನ ಶುಲ್ಕಕ್ಕಿಂತಲೂ ಕಡಿಮೆಯದೆನ್ನಲಾಗದು.

ಎರಡನೆಯ ಪೀಳಿಗೆಯ ಬಿಟಿ ತಂತ್ರಜ್ಞಾನಕ್ಕೆ ಮಾತ್ರ 2008ರಲ್ಲಿ ಪೇಟೆಂಟ್ ದೊರೆತು, ಅದರ ಸಿಂಧುತ್ವದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಷ್ಟರಲ್ಲಿ ಕೇಂದ್ರ ಸರ್ಕಾರ 2015ರ ಬೆಲೆ ನಿಯಂತ್ರಣ ಆದೇಶದ ಮೂಲಕ ಶುಲ್ಕವನ್ನು ತಾನೇ ಗೊತ್ತುಪಡಿಸತೊಡಗಿ, 2016ರಲ್ಲಿ ಪಾಕೀಟಿಗೆ 49 ರೂಪಾಯಿ ಇದ್ದದ್ದನ್ನು 2019ರ ವೇಳೆಗೆ 20ಕ್ಕೆ ತಂದಿತು. ಅದೇ ವರ್ಷ ನವೆಂಬರಿನಲ್ಲಿ ಪೇಟೆಂಟಿನ ಅವಧಿ ಮುಗಿದು, 2020ರಲ್ಲಿ ಶುಲ್ಕ ಸೊನ್ನೆಯಾಯಿತು. ಪಾಕೀಟಿನ ಗರಿಷ್ಠ ಬೆಲೆ ಹಿಂದಿನ ವರ್ಷದಂತೆ 730 ರೂಪಾಯಿಯಲ್ಲೇ ನಿಂತಿತು. ಉಳಿದ 20 ರೂಪಾಯಿ ಬೀಜ ಕಂಪನಿಗಳ ಪಾಲಿಗೆ ಹೋಯಿತು.