‘ಶೇರಿಂಗ್ ಹೋಗ್ಬಿಟ್ಟಿದೆ ಸಾರ್!’

ಅಂಗಡಿ, ಕಚೇರಿ, ಶಾಲೆಗಳ ಕಾಮನ್ ಫೋಲ್ಡರ್ ತೆರೆಯದಿದ್ದಾಗ ಮೊದಲು ಎಲ್ಲಿ ನೋಡಬೇಕು? ಯಾವುದಕ್ಕೆ ಕೈ ಹಾಕಲೇಬಾರದು?

ಕರೆಂಟ್ ಹೋಗಿ ಬಂದ ಸ್ವಲ್ಪ ಹೊತ್ತಿಗೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್, ರಾಬರ್ಟ್‌ಸನ್‌ಪೇಟೆ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಈ ಮಾತು ಕೇಳಿಬರುತ್ತದೆ. ಒಳಗಿನ ಕಂಪ್ಯೂಟರ್‌ನಲ್ಲಿ ಟೈಪಾದ ಕರಾರು ಪತ್ರ ಕೌಂಟರ್‌ನಲ್ಲಿ ಪ್ರಿಂಟ್ ಆಗಬೇಕು. ಕೌಂಟರ್‌ನ ಸ್ಕ್ರೀನ್ ಮೇಲೆ ನೋಡಿದರೆ ಕಾಮನ್ ಫೋಲ್ಡರಿನ ಝಡ್ ಡ್ರೈವ್‌ಗೆ ಕೆಂಪು ಇಂಟು ಮಾರ್ಕ್. ಗಿರಾಕಿಗೆ ಬಂಗಾರಪೇಟೆ ಗಾಡಿ ಹಿಡಿಯುವ ಅವಸರ.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿಗೆ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುವುದೇ ಬದುಕಾಯಿತು. ಕಂಪ್ಯೂಟರ್ ಬಲ್ಲ ಹುಡುಗರೂ ಅದೇ ರೈಲಿನಲ್ಲಿದ್ದಾರೆ. ಊರಿನ ಜೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಆಡಿಟರ್ ಆಫೀಸುಗಳಲ್ಲಿ ‘ಸರ್ವರ್’ ಅಂದರೆ ಮೂಲೆಯಲ್ಲಿರುವ ಒಂದು ಹಳೆಯ ಪಿಸಿ, ಅಷ್ಟೇ. ಅದು ಕೈಕೊಟ್ಟರೆ ಬಲ್ಲವರು ಸಂಜೆ ಮಾರಿಕುಪ್ಪಂ ಗಾಡಿ ಇಳಿದು ಬರುವವರೆಗೆ ಕಾಯಬೇಕು. ಕಾಯಲಾಗದವರು ಯೂಟ್ಯೂಬ್ ನೋಡಿಕೊಂಡು ಸಿಕ್ಕ ಸೆಟ್ಟಿಂಗನ್ನೆಲ್ಲ ತಿರುವುತ್ತಾರೆ. ಅಪಾಯ ಇರುವುದು ಅಲ್ಲೇ.

3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಸಿಡಿದರೆ, ಸಿಡಿದದ್ದು ಎಲ್ಲಿ ಎಂಬುದನ್ನು ಕಂಪನದ ಜಾಡು ಹಿಡಿದು ಗುರುತಿಸುತ್ತಿದ್ದರು. ಬಂಡೆಗಳ ವರ್ತನೆಯ ಅಧ್ಯಯನಕ್ಕೆಂದೇ 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಇಲ್ಲಿ ಶುರುವಾಯಿತು. ಶೇರಿಂಗ್ ರಿಪೇರಿಗೂ ಈ ಊರಿನ ಅದೇ ಶಿಸ್ತು ಬೇಕು: ತೊಂದರೆ ಎಲ್ಲಿದೆ ಎಂಬುದು ಮೊದಲು, ರಿಪೇರಿ ಆಮೇಲೆ.

ಮೊದಲು ವಿಳಾಸ

ಕೇಬಲ್ ಮತ್ತು ಸ್ವಿಚ್‌ನ ದೀಪ ನೋಡಿದ ಮೇಲೆ ಸರ್ವರ್ ಪಿಸಿಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್‌ಫಿಗ್’ ಕೊಡಿ. ಬಂದ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್‌ನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ. ಕೇಬಲ್ ಇಲ್ಲವೇ ರೂಟರ್ ನೋಡಿಕೊಳ್ಳಿ. 192.168.1.10 ಇದ್ದದ್ದು 192.168.1.14 ಆಗಿದ್ದರೆ ಕಳ್ಳ ಸಿಕ್ಕಂತೆಯೇ.

1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದ ಊರು ನಮ್ಮದು. ಹಾಗಂತ ಕರೆಂಟ್ ಹೋಗುವುದೇನೂ ತಪ್ಪಿಲ್ಲ. ರೂಟರ್ ಆಫ್ ಆಗಿ ಆನ್ ಆದಾಗ ಕಂಪ್ಯೂಟರ್‌ಗಳಿಗೆ ಹೊಸ ವಿಳಾಸ ಹಂಚಿಬಿಡಬಹುದು. ಕೌಂಟರ್‌ನ ಪಿಸಿ ಮಾತ್ರ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿರುತ್ತದೆ. ರೂಟರ್‌ನ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಸರ್ವರ್‌ಗೆ ಒಂದು ವಿಳಾಸ ಕಾಯಂ ಮಾಡಿದರೆ ಈ ಕಾಟ ಮುಗಿಯಿತು. ಸರ್ವರ್‌ಗಿಂತ ಮೊದಲು ಕೌಂಟರ್ ಪಿಸಿ ಆನ್ ಆದರೂ ಕೆಂಪು ಇಂಟು ಬರುತ್ತದೆ. ಸರ್ವರ್ ಎದ್ದ ಮೇಲೆ ಡ್ರೈವ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು.

‘ನೆಟ್‌ವರ್ಕ್’ ವಿಂಡೋದಲ್ಲಿ ಸರ್ವರ್‌ನ ಹೆಸರು ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿದೆ ಎಂದಲ್ಲ. ರನ್ ಬಾಕ್ಸ್‌ನಲ್ಲಿ \\192.168.1.10 ಎಂದು ನೇರವಾಗಿ ಕೊಟ್ಟು ನೋಡಿ. ವಿಳಾಸ ಕೊಟ್ಟರೆ ತೆರೆದು, ಹೆಸರು ಕೊಟ್ಟರೆ ತೆರೆಯದಿದ್ದರೆ ದೋಷ ಹೆಸರು ಹುಡುಕುವ ವ್ಯವಸ್ಥೆಯದ್ದು.

ಬಾಗಿಲು ತೆರೆದಿದೆಯೇ?

ವಿಂಡೋಸ್‌ನ ಫೈಲ್ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ವ್ಯವಸ್ಥೆಯಲ್ಲಿ, 445ನೇ ಪೋರ್ಟ್ ಮೂಲಕ. ‘ಪಿಂಗ್’ಗೆ ಉತ್ತರ ಬಂದೂ ಫೋಲ್ಡರ್ ತೆರೆಯದೆ 80070035 ಎಂಬ ಎರರ್ ಬಂದರೆ ಈ ಪೋರ್ಟ್ ಮುಚ್ಚಿರುವ ಸಾಧ್ಯತೆ ಹೆಚ್ಚು. ಅನೇಕ ಸಲ ಕಾರಣ ಇಷ್ಟೇ: ಹೊಸ ರೂಟರ್ ಹಾಕಿದಾಗ ವಿಂಡೋಸ್ ಆ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಗುರುತಿಸಿರುತ್ತದೆ, ಬಸ್‌ಸ್ಟ್ಯಾಂಡಿನ ವೈಫೈಗೆ ಸೇರಿದ ಹಾಗೆ. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್’ ಮಾಡಿ, ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಆನ್ ಇದೆಯೇ ನೋಡಿ. ಬೇರೆ ಆ್ಯಂಟಿವೈರಸ್ ಹಾಕಿದ್ದರೆ ಅದರ ಫೈರ್‌ವಾಲ್‌ನಲ್ಲೂ ಇದೇ ಬದಲಾವಣೆ ಬೇಕು.

ಪಿನ್ ನಡೆಯದು

ಬಾಗಿಲು ತೆರೆದಿದೆ, ಯೂಸರ್‌ನೇಮ್ ಪಾಸ್‌ವರ್ಡ್ ಕೇಳುತ್ತದೆ, ಏನು ಕೊಟ್ಟರೂ ಒಪ್ಪುವುದಿಲ್ಲ. ಸರ್ವರ್ ಪಿಸಿಯನ್ನು ದಿನವೂ ನಾಲ್ಕಂಕಿಯ ಪಿನ್ ಒತ್ತಿ ತೆರೆಯುವವರಿಗೆ ಈ ತೊಂದರೆ ಜಾಸ್ತಿ. ಪಿನ್ ಆ ಪಿಸಿಯ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬರುವವರು ಅಸಲಿ ಪಾಸ್‌ವರ್ಡ್ ಕೊಡಬೇಕು. ಶೇರಿಂಗ್‌ಗೆಂದೇ ಸರ್ವರ್‌ನಲ್ಲಿ ಒಂದು ಲೋಕಲ್ ಅಕೌಂಟ್ ಮಾಡಿ ಗಟ್ಟಿ ಪಾಸ್‌ವರ್ಡ್ ಇಡುವುದು ಎಲ್ಲಕ್ಕಿಂತ ಸುಲಭ. ಪಾಸ್‌ವರ್ಡ್ ಬದಲಾಯಿಸಿದಾಗ ಉಳಿದ ಪಿಸಿಗಳ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಕೂತಿರುವ ಹಳೆಯದನ್ನು ಅಳಿಸಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11ಕ್ಕೆ ಬಂದವರಿಗೆ ಇನ್ನೊಂದು ಅಚ್ಚರಿ ಕಾದಿತ್ತು. 2024ರಲ್ಲಿ ಬಂದ 24ಎಚ್2ರ ಪ್ರೊ ಆವೃತ್ತಿ, ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಪ್ರವೇಶವನ್ನು ತಾನಾಗಿಯೇ ತಡೆಯುತ್ತದೆ. ನಿನ್ನೆವರೆಗೆ ಸಲೀಸಾಗಿ ತೆರೆಯುತ್ತಿದ್ದ ಫೋಲ್ಡರ್ ಅಪ್‌ಡೇಟ್ ಆದ ಮರುದಿನವೇ ನಿಂತರೆ ಕೆಟ್ಟದ್ದು ಏನೂ ಇಲ್ಲ. ಅಕೌಂಟ್ ಮತ್ತು ಪಾಸ್‌ವರ್ಡ್ ಇಟ್ಟರೆ ಸರಿಹೋಗುತ್ತದೆ.

ಎರಡು ಬೀಗ

‘ಆಕ್ಸೆಸ್ ಡಿನೈಡ್’ ಬಂದರೆ ಸಂತೋಷಪಡಿ: ವಿಳಾಸ, ಪೋರ್ಟ್, ಪಾಸ್‌ವರ್ಡ್ ಎಲ್ಲ ಸರಿಯಿವೆ, ಉಳಿದದ್ದು ಅನುಮತಿ ಒಂದೇ. ವಿಂಡೋಸ್ ಫೋಲ್ಡರಿಗೆ ‘ಶೇರಿಂಗ್’ ಟ್ಯಾಬ್‌ನ ಅನುಮತಿ ಒಂದು, ‘ಸೆಕ್ಯುರಿಟಿ’ ಟ್ಯಾಬ್‌ನದು ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ಗೆಲ್ಲುತ್ತದೆ. ಲಿನಕ್ಸ್‌ನಲ್ಲೂ ಇದೇ ಕಥೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ಬರೆಯತೊಡಗಿದ ‘ಸಾಂಬಾ’ ತಂತ್ರಾಂಶ ಲಿನಕ್ಸ್ ಪಿಸಿಯನ್ನು ವಿಂಡೋಸ್ ಸರ್ವರ್‌ನಂತೆ ದುಡಿಸುತ್ತದೆ. ಆದರೆ ಸಾಂಬಾದ ಅನುಮತಿಯ ಜೊತೆಗೆ ಲಿನಕ್ಸ್ ಫೋಲ್ಡರಿನ ಅನುಮತಿಯೂ ಬೇಕು, ಸಾಂಬಾ ಪಾಸ್‌ವರ್ಡನ್ನು ಬೇರೆಯಾಗಿಯೇ ಇಡಬೇಕು. ‘ಟೆಸ್ಟ್‌ಪಾರ್ಮ್’ ಕಮಾಂಡ್ ಕೊಟ್ಟರೆ ಸೆಟ್ಟಿಂಗ್ ಬರೆಯುವಾಗ ಆದ ತಪ್ಪನ್ನು ಅದೇ ತೋರಿಸುತ್ತದೆ.

ಕನ್ನಡದ ಫೈಲಿಗೆ ಬರುವ ಕಷ್ಟ

ಸರ್ಕಾರಿ ಪತ್ರಗಳನ್ನು ಟೈಪ್ ಮಾಡುವವರು ಇಡೀ ‘ವಿಷಯ’ವನ್ನೇ ಫೈಲಿನ ಹೆಸರಾಗಿ ಇಡುವುದುಂಟು. ವಿಂಡೋಸ್ ಅದನ್ನು ಸಹಿಸಿಕೊಂಡರೂ ಲಿನಕ್ಸ್ ಸರ್ವರ್‌ಗೆ ಕಾಪಿ ಮಾಡುವಾಗ ಎರರ್ ಬರಬಹುದು. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಯೂನಿಕೋಡ್ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕ್ಷೇತ್ರಶಿಕ್ಷಣಾಧಿಕಾರಿ’ ಎಂಬ ಪದ ತೆಗೆದುಕೊಳ್ಳಿ. ಕಣ್ಣಿಗೆ ಅದು 8 ಅಕ್ಷರ. ಒತ್ತು, ದೀರ್ಘ, ಗುಣಿತ ಎಲ್ಲ ಸೇರಿ ಕಂಪ್ಯೂಟರ್ ಲೆಕ್ಕಕ್ಕೆ 20 ಸಂಕೇತ, ಅಂದರೆ 60 ಬೈಟ್. ಇಂಥ ನಾಲ್ಕು ಪದ ಜೋಡಿಸಿದರೆ ಮಿತಿ ಮುಗಿದಂತೆಯೇ. ಹೆಸರು ಗಿಡ್ಡಗಿರಲಿ.

ಫೈಲ್ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಸರ್ವರ್‌ ಅನ್ನು ಬೈಯಬೇಡಿ. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪಾದದ್ದು. ಈ ಪಿಸಿಯಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಶಾಲೆಯ ಲ್ಯಾಬ್‌ನವರು ನೆನಪಿಡಬೇಕಾದದ್ದು ಇನ್ನೊಂದಿದೆ. ಸಾಮಾನ್ಯ ವಿಂಡೋಸ್ 10 ಅಥವಾ 11ರ ಪಿಸಿಗೆ ಏಕಕಾಲಕ್ಕೆ 20 ಸಂಪರ್ಕಗಳ ಮಿತಿ ಇದೆ. 30 ಮಕ್ಕಳು ಒಟ್ಟಿಗೆ ಕೂತರೆ ಕೊನೆಯ ಸಾಲಿಗೆ ಫೋಲ್ಡರ್ ತೆರೆಯದು. ಸಾಂಬಾಕ್ಕೆ ಈ ಲೆಕ್ಕ ಇಲ್ಲ.

ಈ ಮೂರು ಮದ್ದು ಬೇಡ

ಫೈರ್‌ವಾಲ್ ಪೂರ್ತಿ ಆಫ್ ಮಾಡುವುದು, ‘ಎವ್ರಿವನ್’ಗೆ ಫುಲ್ ಕಂಟ್ರೋಲ್ ಕೊಡುವುದು, ಹಳೆಯ ಎಸ್‌ಎಂಬಿ 1 ಅನ್ನು ಮತ್ತೆ ಆನ್ ಮಾಡುವುದು. ಮೂರರಿಂದಲೂ ಶೇರಿಂಗ್ ತಟ್ಟನೆ ಶುರುವಾಗಬಹುದು. ಹಾಗಾಗಿಯೇ ಇವು ಇಷ್ಟು ಜನಪ್ರಿಯ. 2017ರ ಮೇ 12ರಂದು ಜಗತ್ತನ್ನು ಕಾಡಿದ ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ ಒಂದು ಪಿಸಿಯಿಂದ ಇನ್ನೊಂದಕ್ಕೆ ಹಾರಿದ್ದು ಎಸ್‌ಎಂಬಿ 1ರ ದೋಷದ ಮೂಲಕ, ಇದೇ 445ನೇ ಪೋರ್ಟ್‌ನಿಂದ. ನಮ್ಮ ಗಡಿಯಾಚೆಯ ಚಿತ್ತೂರು ಸೇರಿದಂತೆ ಆಂಧ್ರದ ಕೆಲವು ಜಿಲ್ಲೆಗಳ ಪೊಲೀಸ್ ಕಂಪ್ಯೂಟರ್‌ಗಳಿಗೂ ಅದು ತಗುಲಿತ್ತು. ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಅಪ್‌ಡೇಟ್ ಬಿಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಳೆಯ ಜೆರಾಕ್ಸ್ ಮೆಷಿನ್‌ ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರಿಗೆ ಕಳಿಸಲು ಎಸ್‌ಎಂಬಿ 1 ಬೇಕೇ ಬೇಕೆಂದರೆ ಅದರ ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ವಿಚಾರಿಸಿ. ಇಲ್ಲವಾದರೆ ಸ್ಕ್ಯಾನ್ ಪೆನ್‌ಡ್ರೈವ್‌ಗೆ ಬರಲಿ. ಒಂದು ಮೆಷಿನ್‌ನ ಅನುಕೂಲಕ್ಕೆ ಇಡೀ ಅಂಗಡಿಯ ಫೈಲುಗಳನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ.

ಶೇರ್ ಆದ ಫೋಲ್ಡರ್ ಬ್ಯಾಕಪ್ ಅಲ್ಲ. ಒಬ್ಬರು ಡಿಲೀಟ್ ಮಾಡಿದರೆ ಎಲ್ಲರಿಗೂ ಹೋಯಿತು. ವಾರಕ್ಕೊಮ್ಮೆ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಸರ್ವರ್‌ನ ವಿಳಾಸ, ಶೇರಿಂಗ್ ಅಕೌಂಟಿನ ಹೆಸರು, ಯಾರಿಗೆ ಯಾವ ಫೋಲ್ಡರ್ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗೇ ಇಡಿ. ಆಗ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಸಂಜೆಯ ರೈಲಿಗೆ ಕಾಯುವ ಬದಲು ಅಂಗಡಿಯವರೇ ಸರಿಮಾಡಿಕೊಳ್ಳಬಹುದು.