ವಿಶ್ವವಿದ್ಯಾನಿಲಯದ ಅಂಗಳಕ್ಕೆ ದಾರಿ

ಶಿಕಾರಿಪುರ, ಸೊರಬ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಯೂ ಆಟದ ಬಯಲಾಗಬಲ್ಲದು. ಕಬಡ್ಡಿಗೆ ನೆಲದ ಮೇಲೆ ನಾಲ್ಕು ಗೆರೆ ಎಳೆದರಾಯಿತು. ವಾಲಿಬಾಲಿಗೆ ಎರಡು ಕಂಬ, ಒಂದು ಬಲೆ ಸಾಕು. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ಅದಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು. ಎರಡು ತುದಿಗಳಲ್ಲಿಯೂ ಹತ್ತು ಅಡಿ ಎತ್ತರದಲ್ಲಿ ಹಲಗೆಗೆ ಬಿಗಿದ ಕಬ್ಬಿಣದ ಬಳೆ ಬೇಕು. ಚೆಂಡು ಪುಟಿಯದ ನೆಲದಲ್ಲಿ ಈ ಆಟವೇ ಇಲ್ಲ. ಆದುದರಿಂದ ಹಳ್ಳಿಯ ಮಕ್ಕಳು ಸಾಮಾನ್ಯವಾಗಿ ಈ ಚೆಂಡನ್ನು ಮೊದಲು ಮುಟ್ಟುವುದು ಶಾಲೆ, ಕಾಲೇಜುಗಳ ಅಂಗಳದಲ್ಲಿ.

ಆಟ ಹುಟ್ಟಿದ್ದೂ ಶಾಲೆಯಲ್ಲಿಯೇ. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕರಾದ ಜೇಮ್ಸ್ ನೈಸ್ಮಿತ್ ಎಂಬುವರು, ಹೊರಗೆ ಹಿಮ ಬೀಳುವ ದಿನಗಳಲ್ಲಿ ವಿದ್ಯಾರ್ಥಿಗಳು ಒಳಗೇ ಆಡಲೆಂದು ಇದನ್ನು ರೂಪಿಸಿದರು. ಬಳೆಯ ಬದಲಿಗೆ ಅಲ್ಲಿ ತೂಗಿದ್ದುದು ಹಣ್ಣು ತುಂಬುವ ಬುಟ್ಟಿಗಳು. ಬುಟ್ಟಿಗೆ ತಳವಿದ್ದುದರಿಂದ ಪ್ರತಿ ಸಲವೂ ಏಣಿ ಹತ್ತಿ ಚೆಂಡನ್ನು ತೆಗೆಯಬೇಕಾಗುತ್ತಿತ್ತಂತೆ! ತಳವನ್ನು ತೆಗೆದುಹಾಕುವ ಯೋಚನೆ ಬರಲು ಕೆಲಕಾಲವೇ ಹಿಡಿಯಿತು.

ಆ ದೇಶದ ವಿಶ್ವವಿದ್ಯಾನಿಲಯಗಳ ಪ್ರಸಿದ್ಧ ವಾರ್ಷಿಕ ಪಂದ್ಯಾವಳಿ 1939ರಲ್ಲಿ ಕೇವಲ ಎಂಟು ತಂಡಗಳೊಡನೆ ಆರಂಭವಾಯಿತು. 1985ರ ವೇಳೆಗೆ ತಂಡಗಳು 64 ಆದವು. ಒಮ್ಮೆ ಸೋತವರು ಹೊರಗುಳಿಯುವ ಕ್ರಮ ಅದು; ಗೆಲ್ಲುವ ತಂಡ ಆರು ಪಂದ್ಯಗಳನ್ನು ಬಿಡದೆ ಗೆಲ್ಲಬೇಕು. ಆದರೆ ತಂಡಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆಯಿತೆನ್ನಲಾಗದು. ದಕ್ಷಿಣದ ಅನೇಕ ವಿಶ್ವವಿದ್ಯಾನಿಲಯಗಳು ಬಹುಕಾಲ ಕರಿಯ ವಿದ್ಯಾರ್ಥಿಗಳನ್ನು ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. 1966ರ ಅಂತಿಮ ಪಂದ್ಯದಲ್ಲಿ ಟೆಕ್ಸಾಸ್ ವೆಸ್ಟರ್ನ್ ಕಾಲೇಜು ಐವರು ಕರಿಯ ಆಟಗಾರರನ್ನೇ ಮೊದಲಿಗೆ ಕಣಕ್ಕಿಳಿಸಿ, ಬಿಳಿಯರೇ ತುಂಬಿದ್ದ ಕೆಂಟಕಿ ತಂಡವನ್ನು 72–65 ಅಂಕಗಳಿಂದ ಸೋಲಿಸಿತು. ಮಹಿಳೆಯರಿಗಾಗಿ ಇಂಥದೇ ಪಂದ್ಯಾವಳಿ ಏರ್ಪಟ್ಟದ್ದು 1982ರಲ್ಲಿ, ಅಂದರೆ 43 ವರ್ಷಗಳ ತರುವಾಯ.

ನಮ್ಮಲ್ಲಿ 1920ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಿಂದ ತರಬೇತಾದ ಶಿಕ್ಷಕರು ಇಂಥ ಆಟಗಳನ್ನು ದಕ್ಷಿಣದ ಶಾಲೆಗಳಿಗೆ ಕೊಂಡೊಯ್ದರು. ಭಾರತದಲ್ಲಿ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲು ಒಂದು ವಿಶ್ವವಿದ್ಯಾನಿಲಯದ ಕಾಲೇಜುಗಳು ತಮ್ಮತಮ್ಮಲ್ಲಿ ಸೆಣಸುತ್ತವೆ. ಅಲ್ಲಿ ಆಯ್ಕೆಯಾದವರು ದಕ್ಷಿಣ ವಲಯಕ್ಕೆ ಹೋಗುತ್ತಾರೆ. ವಲಯದಲ್ಲಿ ಮೇಲಿನ ಸ್ಥಾನ ಪಡೆದ ತಂಡಗಳು ಅಖಿಲ ಭಾರತ ಪಂದ್ಯಾವಳಿಯನ್ನು ಸೇರುತ್ತವೆ.

ತಂಡವೊಂದರಲ್ಲಿ ಹನ್ನೆರಡು ಮಂದಿ. ಅವರಲ್ಲಿ ಐವರು ಮಾತ್ರ ಒಮ್ಮೆಗೆ ಅಂಗಳದಲ್ಲಿರುತ್ತಾರೆ. ಈ ಹನ್ನೆರಡರ ಲೆಕ್ಕ ಗಮನಿಸತಕ್ಕದ್ದು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿಯೇ ಶಿವಮೊಗ್ಗ ಜಿಲ್ಲೆಯ ಕಾಲೇಜುಗಳು ದೀರ್ಘಕಾಲ ಇದ್ದವು. ಮಲೆನಾಡಿನ ವಿದ್ಯಾರ್ಥಿ ಮೈಸೂರು ನಗರದ ನುರಿತ ಆಟಗಾರರೊಡನೆ ಅದೇ ಹನ್ನೆರಡು ಸ್ಥಾನಗಳಿಗೆ ಪೈಪೋಟಿ ನಡೆಸಬೇಕಾಗಿತ್ತು. 1987ರಲ್ಲಿ ಭದ್ರಾವತಿಯ ಸಮೀಪದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಪ್ರತ್ಯೇಕವಾಗಿ ಆರಂಭವಾದಾಗ ಈ ಸೀಮೆಯ ವಿದ್ಯಾರ್ಥಿಗಳಿಗೆ ಬೇರೆಯೇ ತಂಡ ದೊರೆತಂತಾಯಿತು. ಹೊಸ ವಿಶ್ವವಿದ್ಯಾನಿಲಯವೆಂದರೆ ಹೊಸ ಪದವಿಗಳು ಎಂದಷ್ಟೇ ಜನ ತಿಳಿಯುತ್ತಾರೆ; ಆಟದ ಅಂಗಳದಲ್ಲಿ ಅದು ಹೊಸ ಸ್ಥಾನಗಳೂ ಹೌದು.

ಇನ್ನೊಂದು ಸಂಗತಿಯುಂಟು. ವಿಶ್ವವಿದ್ಯಾನಿಲಯದ ತಂಡಕ್ಕೆ ಗೆದ್ದ ಕಾಲೇಜಿನವರನ್ನೇ ಆರಿಸಬೇಕೆಂಬ ಕಟ್ಟಳೆಯಿಲ್ಲ. ಸೊರಬದ ಕಾಲೇಜು ಮೊದಲ ಪಂದ್ಯದಲ್ಲಿಯೇ ಸೋತು ಬಸ್ಸು ಹತ್ತಿದರೂ, ಆ ಪಂದ್ಯದಲ್ಲಿ ಚೆನ್ನಾಗಿ ಆಡಿದ ಹುಡುಗಿಯ ಹೆಸರು ಆಯ್ಕೆಗಾರರ ಪಟ್ಟಿಯಲ್ಲಿ ಉಳಿಯಬಹುದು.