ಡೊಮೇನ್ ಕೊಂಡ್ರೆ ಹೆಸರು ನಮ್ಮದಾಗುತ್ತಾ?

ಹೋದ ವಾರ ಗೆಳೆಯನೊಬ್ಬ ಫೋನ್ ಮಾಡಿದ್ದ. ಮನೆಯಲ್ಲಿ ಮಾಡೋ ಚಟ್ನಿಪುಡಿಯನ್ನ ಆನ್‌ಲೈನ್‌ನಲ್ಲಿ ಮಾರೋಕೆ ಒಂದು ಡೊಮೇನ್ ಕೊಂಡಿದ್ದಾನೆ. ಲೇಬಲ್ ಪ್ರಿಂಟಿಗೆ ಕೊಡೋ ಹೊತ್ತಿಗೆ, ಅಂಥದ್ದೇ ಹೆಸರಲ್ಲಿ ಇನ್ನೊಬ್ಬರು ವರ್ಷಗಳಿಂದ ಮಸಾಲೆಪುಡಿ ಮಾರ್ತಿರೋದು ಗೊತ್ತಾಗಿದೆ. ‘ದುಡ್ಡು ಕೊಟ್ಟು ತಗೊಂಡಿದೀನಿ, ಯಾರೇನು ಮಾಡೋಕಾಗುತ್ತೆ?’ ಅಂದ.

ಮಾಡೋಕಾಗುತ್ತೆ. ಹೇಗೆ ಅಂತ ಹೇಳ್ತೀನಿ ಕೇಳಿ.

ಡೊಮೇನ್ ಮಾರೋ ಕಂಪನಿ ನೋಡೋದು ಆ ಹೆಸರು ಖಾಲಿ ಇದೆಯಾ ಅಂತ ಮಾತ್ರ. ಮೊದಲು ಬಂದವರಿಗೆ ಸೀಟು. ಆ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ತಂದವರು ಯಾರು ಅನ್ನೋದನ್ನ ಕೇಳೋದು ಕೋರ್ಟ್.

ನಮ್ಮ ಬೆಂಗಳೂರಲ್ಲೇ ಶುರುವಾದ ಒಂದು ಕೇಸ್ ಇದೆ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ ‘ಸಿಫಿ’ ಅನ್ನೋ ಹೆಸರಿರುವ ಡೊಮೇನ್‌ಗಳನ್ನು ನೋಂದಾಯಿಸಿತ್ತು. 2001ರಿಂದ ಇನ್ನೊಂದು ಕಂಪನಿ ಅದಕ್ಕೇ ಒಂದು ‘ಎಫ್’ ಅಕ್ಷರ ಹೆಚ್ಚಿಗೆ ಸೇರಿಸಿ ತನ್ನ ಡೊಮೇನ್ ಮಾಡಿಕೊಂಡಿತು. ಅದು ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರ ಅಂತ ಅವರ ವಾದ. ಬೆಂಗಳೂರಿನ ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿತು. ಹೈಕೋರ್ಟ್, ಇಬ್ಬರ ವ್ಯವಹಾರ ಬೇರೆ ಬೇರೆ ಅಂತ ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ತಡೆ ಜಾರಿಗೆ ತಂದಿತು.

ಆ ತೀರ್ಪು ಹೇಳಿದ್ದಿಷ್ಟು: ಡೊಮೇನ್ ಬರೀ ವಿಳಾಸ ಅಲ್ಲ, ಅದಕ್ಕೆ ಟ್ರೇಡ್‌ಮಾರ್ಕ್‌ನ ಎಲ್ಲ ಗುಣಗಳೂ ಇರಬಹುದು. ಡೊಮೇನ್ ವ್ಯಾಜ್ಯಕ್ಕೆ ಅಂತಲೇ ನಮ್ಮಲ್ಲಿ ಕಾನೂನು ಇರಲಿಲ್ಲ. ಆದರೂ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ‘ಪಾಸಿಂಗ್ ಆಫ್’ ಕೇಸ್ ಹಾಕಬಹುದು. ಅಂದ್ರೆ, ಇನ್ನೊಬ್ಬರ ಹೆಸರಿನ ನೆರಳಲ್ಲಿ ನಮ್ಮ ಸರಕು ಮಾರೋದರ ವಿರುದ್ಧದ ಕೇಸ್. ಇದಕ್ಕೆ ಟ್ರೇಡ್‌ಮಾರ್ಕ್ ನೋಂದಣಿ ಆಗಿರಲೇಬೇಕು ಅಂತಿಲ್ಲ. ಮೋಸದ ಉದ್ದೇಶವೂ ಇರಬೇಕಿಲ್ಲ. ಆ ಹೆಸರಿಗೆ ಜನರಲ್ಲಿ ಗುರುತಿದ್ದು, ಗ್ರಾಹಕರು ಗೊಂದಲಕ್ಕೆ ಬಿದ್ದು, ಅವರ ವ್ಯಾಪಾರಕ್ಕೆ ಪೆಟ್ಟು ಬೀಳೋ ಹಾಗಿದ್ರೆ ಸಾಕು.

ಕೊನೆಯಲ್ಲಿ ‘ಡಾಟ್ ಇನ್’ ಇರೋ ಡೊಮೇನ್‌ಗಳಿಗೆ ಇನ್ನೊಂದು ದಾರಿಯೂ ಇದೆ. ಕೋರ್ಟಿಗೆ ಹೋಗದೆ ಮಧ್ಯಸ್ಥಗಾರರ ಮುಂದೆ ದೂರು ಕೊಡಬಹುದು. ಆದ್ರೆ ಅಲ್ಲಿ ದುರುದ್ದೇಶ ಇತ್ತು ಅಂತ ತೋರಿಸಬೇಕು. ಗೆದ್ದರೆ ಡೊಮೇನ್ ರದ್ದಾಗುತ್ತೆ, ಇಲ್ಲವೇ ದೂರು ಕೊಟ್ಟವರ ಕೈಗೇ ಹೋಗುತ್ತೆ.

ಹಾಗಾಗಿ ಡೊಮೇನ್ ಕೊಳ್ಳೋ ಮುಂಚೆ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಆ ಹೆಸರನ್ನ ಹುಡುಕಿ. ನೋಂದಣಿಗೆ ಅರ್ಜಿಯನ್ನೇ ಹಾಕದ ಹೆಸರುಗಳು ಅಲ್ಲಿ ಸಿಗಲ್ಲ, ಅದಕ್ಕೆ ಗೂಗಲ್‌ನಲ್ಲೂ ಅಂಗಡಿಗಳಲ್ಲೂ ಒಮ್ಮೆ ನೋಡಿ.

ನನ್ನ ಗೆಳೆಯನ ಲೇಬಲ್ ಇನ್ನೂ ಪ್ರಿಂಟಿಗೆ ಹೋಗಿಲ್ಲ. ಈಗ ಹೊಸ ಹೆಸರು ಹುಡುಕ್ತಿದ್ದಾನೆ. ಹೋಗಿದ್ದು ಡೊಮೇನ್ ದುಡ್ಡಷ್ಟೇ.